ಹಬ್ಬದ ದಿನ ನಾಯಿಗೆ ಕೊಡುವ ಕೈಗಳು

ಹಬ್ಬದ ಮಾರನೆಯ ದಿನ ಪಶುವೈದ್ಯರ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತವರ ಮಾತು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. "ಏನೂ ಕೊಟ್ಟಿಲ್ಲ ಡಾಕ್ಟ್ರೇ, ಒಂದೇ ಒಂದು ಚೂರು ಒಬ್ಬಟ್ಟು." ಅದು ಸುಳ್ಳಲ್ಲ, ಹೇಳುವವರು ಕೊಟ್ಟದ್ದು ನಿಜಕ್ಕೂ ಒಂದೇ ಚೂರು. ಆದರೆ ಬೆಳಿಗ್ಗೆ ಹೂರಣ ರುಬ್ಬುವಾಗ ಅಜ್ಜಿ ಒಂದು ಉಂಡೆ ಹಾಕಿರುತ್ತಾರೆ. ಊಟಕ್ಕೆ ಕೂತ ಮಾವ ಎಲೆಯ ಅಂಚಿನಿಂದ ಅರ್ಧ ಆಂಬೊಡೆ ಜಾರಿಸಿರುತ್ತಾರೆ. ಮಕ್ಕಳು ಪಾಯಸದ ಬಟ್ಟಲನ್ನು ನೆಕ್ಕಲೆಂದು ಕೆಳಗಿಟ್ಟಿರುತ್ತಾರೆ. ಸಂಜೆ ಕುಂಕುಮಕ್ಕೆ ಬಂದವರು, "ಅಯ್ಯೋ, ಹೇಗೆ ನೋಡ್ತಾ ಇದೆ ಪಾಪ" ಎಂದು ಲಾಡುವಿನ ತುದಿ ಮುರಿದಿರುತ್ತಾರೆ. ಎಲ್ಲರದೂ ಒಂದೇ ಚೂರು. ಹತ್ತು ಕೈಗಳ ಹತ್ತು ಚೂರು ಸೇರುವುದು ಮಾತ್ರ ಹತ್ತು ಕಿಲೊ ತೂಕದ ಒಂದೇ ಪ್ರಾಣಿಯ ಹೊಟ್ಟೆಗೆ.

ಇದಕ್ಕೆ ಎಲ್ಲರೂ ಹೇಳುವ ಪರಿಹಾರ "ಯಾರೂ ಏನೂ ಕೊಡಬೇಡಿ" ಎನ್ನುವುದು. ಅದು ನಡೆಯುವುದಿಲ್ಲ, ನಡೆಯಬೇಕೆಂದೂ ನನಗನ್ನಿಸುವುದಿಲ್ಲ. ಮನೆಯ ಹೊಸ್ತಿಲಲ್ಲಿ ಕೂತ ಜೀವಕ್ಕೆ ಹಾಕದೆ ಉಣ್ಣುವುದು ನಮ್ಮ ಹಬ್ಬದ ರೀತಿಯಲ್ಲ. ಕಾಲಭೈರವನ ವಾಹನ ನಾಯಿ. ಮೈಲಾರನ ಗೊರವರು ದೋಣಿ ಸೇವೆಯಲ್ಲಿ ನಾಯಿಯಂತೆ ಬೊಗಳುತ್ತ ದೋಣಿಯೆಂಬ ಪಾತ್ರೆಗೆ ಬಾಯಿ ಹಾಕಿ ಪ್ರಸಾದ ತಿನ್ನುತ್ತಾರೆ. ನೇಪಾಳದಲ್ಲಿ ದೀಪಾವಳಿಯ ಹೊತ್ತಿಗೇ ಬರುವ ತಿಹಾರ್ ಹಬ್ಬದ ಎರಡನೆಯ ದಿನ ನಾಯಿಯದೇ ದಿನ, ಕುಕುರ್ ತಿಹಾರ್. ಮನೆಯ ನಾಯಿ ಬೀದಿ ನಾಯಿ ಎನ್ನದೆ ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿ, ಹಣೆಗೆ ತಿಲಕ ಇಟ್ಟು ತಿನ್ನಲು ಕೊಡುತ್ತಾರೆ. ಕೊಡುವ ಆಸೆ ತಪ್ಪಲ್ಲ, ಕೈಗೆ ಸಿಕ್ಕ ತಿಂಡಿ ತಪ್ಪು. ಹಾಗಾಗಿ ಹಬ್ಬದ ಹಿಂದಿನ ದಿನ ನಾಯಿಗೆಂದೇ ಒಂದು ಡಬ್ಬಿ ಬಿಸ್ಕತ್ತು ಬೇಯಿಸಿಟ್ಟು, ಅದನ್ನು ನಾಯಿ ಕೂರುವ ಜಾಗದ ಪಕ್ಕ, ಜನರ ಕೈಗೆ ಎಟುಕುವ ಎತ್ತರದಲ್ಲಿ ಇಡುವುದು ಒಳ್ಳೆಯದು. ಆ ಡಬ್ಬಿ ನಾಯಿಗಿಂತ ಹೆಚ್ಚಾಗಿ ಆ ಹತ್ತು ಕೈಗಳಿಗೆ ಬೇಕು.

ಎಲೆಯ ಮೇಲೆ ಇರುವುದೇನು

ಬಾಳೆ ಎಲೆಯನ್ನು ಒಮ್ಮೆ ನಾಯಿಗಾಗಿ ನೋಡಿಕೊಂಡು ಹೋಗಬೇಕು. ಕೋಸಂಬರಿಯಲ್ಲಿ ಹೆಸರುಬೇಳೆ, ಸೌತೆಕಾಯಿ, ಕ್ಯಾರೆಟ್ ಇರುತ್ತದೆ. ಉಪ್ಪು, ಹಸಿಮೆಣಸು ಬೀಳುವ ಮೊದಲು ಒಂದು ಚಮಚ ತೆಗೆದಿಟ್ಟರೆ ಅದು ಒಳ್ಳೆಯ ತಿಂಡಿ. ಪಲ್ಯದಲ್ಲಿ ಈರುಳ್ಳಿ ಬಿದ್ದಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಹುರಿದರೂ ಪುಡಿ ಮಾಡಿದರೂ ಆ ಗುಣ ಹೋಗುವುದಿಲ್ಲ. ಇದರ ಕಷ್ಟ ಏನೆಂದರೆ ಲಕ್ಷಣ ಅದೇ ದಿನ ಕಾಣದು. ಮೂರ್ನಾಲ್ಕು ದಿನ ಕಳೆದು ನಾಯಿ ಮಂಕಾಗಿ, ಒಸಡು ಬಿಳಿಚಿಕೊಂಡು, ಮೂತ್ರ ಕಂದು ಬಣ್ಣಕ್ಕೆ ತಿರುಗುವ ಹೊತ್ತಿಗೆ ಹಬ್ಬದ ಪಲ್ಯ ಯಾರ ನೆನಪಿನಲ್ಲೂ ಇರುವುದಿಲ್ಲ.

ಪಾಯಸ, ಲಾಡು, ಕೇಸರಿಬಾತು ಮೂರರಲ್ಲೂ ಒಣದ್ರಾಕ್ಷಿ. ದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸುತ್ತದೆ ಎಂಬುದು ಬಹಳ ಕಾಲದಿಂದ ಗೊತ್ತಿದ್ದರೂ ಯಾಕೆ ಎಂಬುದು ಸ್ಪಷ್ಟವಿರಲಿಲ್ಲ. 2021ರಲ್ಲಿ ಅಮೆರಿಕದ ಪಶುವೈದ್ಯರು ಅದಕ್ಕೆ ಟಾರ್ಟಾರಿಕ್ ಆಮ್ಲ ಕಾರಣವಿರಬಹುದು ಎಂದು ಮುಂದಿಟ್ಟರು. ಮನೆಯಲ್ಲಿ ಮಾಡಿದ ಮಕ್ಕಳ ಆಟದ ಹಿಟ್ಟಿನಲ್ಲಿದ್ದ ಕ್ರೀಮ್ ಆಫ್ ಟಾರ್ಟರ್ (ಅದೇ ಆಮ್ಲದ ಲವಣ) ತಿಂದ ನಾಯಿಯಲ್ಲಿ ದ್ರಾಕ್ಷಿ ತಿಂದ ನಾಯಿಯದೇ ಲಕ್ಷಣಗಳು ಕಂಡದ್ದು ಅವರಿಗೆ ಸುಳಿವಾಯಿತು. ಅದರ ಬೆನ್ನಿಗೇ ಹುಣಸೆ ತಿಂದು ಮೂತ್ರಪಿಂಡ ಕೆಟ್ಟ ನಾಯಿಗಳ ವಿವರವೂ ವೈದ್ಯಕೀಯ ಬರಹಗಳಲ್ಲಿ ಬಂತು. ನಮ್ಮ ಅಡುಗೆಮನೆಗೆ ಇದು ದೊಡ್ಡ ಮಾತು, ಏಕೆಂದರೆ ಹುಣಸೆ ತಿರುಳಿನಲ್ಲಿ ಆ ಆಮ್ಲ ದ್ರಾಕ್ಷಿಗಿಂತಲೂ ಹೆಚ್ಚಿಗೆ ಇದೆ. ತೆಳು ಸಾರನ್ನ ತಿಂದುಕೊಂಡೇ ಮುದಿಯಾದ ನಾಯಿಗಳು ಊರೂರಲ್ಲಿ ಇವೆ, ನಿಜ. ಆದರೆ ಪುಳಿಯೋಗರೆ ಗೊಜ್ಜಿನ ಗಟ್ಟಿ ಹುಳಿ ಬೇರೆ, ಸಾರಿನ ನೀರು ಬೇರೆ. ಜೊತೆಗೆ ಒಂದು ನಾಯಿ ತಡೆದುಕೊಂಡದ್ದನ್ನು ಇನ್ನೊಂದು ತಡೆಯುತ್ತದೆ ಎನ್ನುವಂತಿಲ್ಲ.

ಒಬ್ಬಟ್ಟು, ಕಜ್ಜಾಯ, ಆಂಬೊಡೆ ವಿಷವಲ್ಲ. ಅವುಗಳ ತೊಂದರೆ ಎಣ್ಣೆ, ತುಪ್ಪ. ಒಮ್ಮೆಲೇ ಬಿದ್ದ ಜಿಡ್ಡು ಕೆಲವು ನಾಯಿಗಳಲ್ಲಿ ಮೇದೋಜ್ಜೀರಕ ಗ್ರಂಥಿಯ ಉರಿಯೂತ ಎಬ್ಬಿಸುತ್ತದೆ. ಬೆನ್ನು ಕಮಾನಿನಂತೆ ಬಾಗಿಸಿ ನಿಲ್ಲುವುದು, ಮತ್ತೆಮತ್ತೆ ವಾಂತಿ, ಅನ್ನ ಮುಟ್ಟದಿರುವುದು ಅದರ ಗುರುತು. ಯುಗಾದಿಯ ಮರುದಿನದ ಹೊಸತೊಡಕಿನಲ್ಲಿ ಬೆಂದ ಕೋಳಿ ಮೂಳೆ ಇದಕ್ಕೆ ಸೇರಿಕೊಳ್ಳುತ್ತದೆ. ಬೆಂದ ಮೂಳೆ ಸೀಳುಸೀಳಾಗಿ ಒಡೆದು ಕರುಳು ಚುಚ್ಚುತ್ತದೆ. ಡಿಸೆಂಬರಿನ ಪ್ಲಮ್ ಕೇಕ್ ಅಂತೂ ನಾಯಿಗೆ ಆಗದ್ದನ್ನೆಲ್ಲ ಒಂದೇ ಕಡೆ ಕೂಡಿಸಿಟ್ಟಂತೆ: ರಮ್ಮಿನಲ್ಲಿ ತಿಂಗಳುಗಟ್ಟಲೆ ನೆನೆದ ಒಣದ್ರಾಕ್ಷಿ, ಬೆಣ್ಣೆ, ಸಕ್ಕರೆ. ಇನ್ನೊಂದು ಹೊಸ ಅಪಾಯ ಮನೆಯ ಸಕ್ಕರೆ ಕಾಯಿಲೆಯವರಿಗೆ ತರುವ 'ಶುಗರ್ ಫ್ರೀ' ತಿಂಡಿ. ಅದರ ಚೀಟಿಯಲ್ಲಿ ಕ್ಸೈಲಿಟಾಲ್ ಅಥವಾ 967 ಎಂಬ ಸಂಖ್ಯೆ ಕಂಡರೆ ನಾಯಿಯ ಹತ್ತಿರವೂ ಸುಳಿಯಬಾರದು. 10 ಕಿಲೊ ನಾಯಿಗೆ ಸುಮಾರು 1 ಗ್ರಾಂ ಸಾಕು, ಗಂಟೆಯೊಳಗೇ ರಕ್ತದ ಸಕ್ಕರೆ ಕುಸಿದು ನಾಯಿ ತೂರಾಡಬಹುದು. ಕೆಲವು ಪೀನಟ್ ಬಟರ್‌ಗಳಲ್ಲೂ ಇದನ್ನು ಬಳಸುತ್ತಾರೆ, ನಾಯಿ ಬಿಸ್ಕತ್ತಿಗೆ ಪೀನಟ್ ಬಟರ್ ಹಾಕುವವರು ಚೀಟಿ ಓದಿಯೇ ಹಾಕಬೇಕು.

ಇಂಥದ್ದೇನಾದರೂ ತಿಂದದ್ದು ಕಣ್ಣಿಗೆ ಬಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಆ ಉಪ್ಪೇ ಜೀವಕ್ಕೆ ಎರವಾಗಬಹುದು. ನಾಯಿಯ ತೂಕ, ತಿಂದದ್ದು ಏನು, ಎಷ್ಟು, ಎಷ್ಟು ಹೊತ್ತಿಗೆ ಎಂಬ ನಾಲ್ಕು ಮಾತು ಹಿಡಿದುಕೊಂಡು ಕೂಡಲೇ ವೈದ್ಯರಿಗೆ ಫೋನ್ ಮಾಡಿ.

ಎಷ್ಟು ಕೊಡಬಹುದು

ದಿನದ ಆಹಾರದಲ್ಲಿ ತಿಂಡಿಯ ಪಾಲು ಹತ್ತನೇ ಒಂದು ಭಾಗ ದಾಟಬಾರದು ಎಂಬುದು ಪಶುವೈದ್ಯರ ಸಾಮಾನ್ಯ ಲೆಕ್ಕ. ಸಂತಾನಹರಣ ಶಸ್ತ್ರಚಿಕಿತ್ಸೆ ಆದ, ಮನೆಯಲ್ಲೇ ಇರುವ ವಯಸ್ಕ ನಾಯಿ 10 ಕಿಲೊ ಇದ್ದರೆ ಅದಕ್ಕೆ ದಿನಕ್ಕೆ ಸುಮಾರು 630 ಕ್ಯಾಲೊರಿ ಬೇಕು. ಅಂದರೆ ತಿಂಡಿಗೆ ಉಳಿಯುವುದು 63. ತುಪ್ಪ ಸವರಿದ ಒಂದು ಒಬ್ಬಟ್ಟಿನಲ್ಲಿ 200ಕ್ಕೆ ಕಡಿಮೆ ಇರುವುದಿಲ್ಲ. 5 ಕಿಲೊದ ಪುಟ್ಟ ನಾಯಿಗೆ ಆ ಪಾಲು 37 ಕ್ಯಾಲೊರಿ, 25 ಕಿಲೊದ ಮುಧೋಳಕ್ಕೋ ಲ್ಯಾಬ್ರಡಾರಿಗೋ 125. ಮುಧೋಳದ ಪಕ್ಕೆಲುಬು ಎಣಿಸುವಂತೆ ಕಾಣುವುದು ಅದರ ಮೈಕಟ್ಟು. ಅದನ್ನು ಬಡಕಲೆಂದು ಭಾವಿಸಿ ತಿಂಡಿ ಹಾಕಿ ಉಬ್ಬಿಸುವುದು ಆ ಓಟದ ನಾಯಿಗೆ ಮಾಡುವ ಅನ್ಯಾಯ.

ಈ ಲೆಕ್ಕ ಕಂಡ ಮೇಲೆ ಬಿಸ್ಕತ್ತಿನ ಗಾತ್ರದ ಬಗ್ಗೆ ಯೋಚನೆಯೇ ಬದಲಾಗುತ್ತದೆ. ಅಂಗಡಿಯಲ್ಲಿ ಸಿಗುವ ಮೂಳೆಯಾಕಾರದ ಅಚ್ಚು ನೋಡಲು ಚೆಂದ, ಆದರೆ ಅದರಲ್ಲಿ ಒತ್ತಿದ ಬಿಸ್ಕತ್ತು ದೊಡ್ಡದು. ನಾಯಿ ಲೆಕ್ಕ ಹಾಕುವುದು ಎಷ್ಟು ಸಲ ಸಿಕ್ಕಿತು ಎಂದು, ಎಷ್ಟು ದಪ್ಪದ್ದು ಸಿಕ್ಕಿತು ಎಂದಲ್ಲ. ಕೊಡುವ ಕೈಗಳೂ ಹತ್ತಿರುವಾಗ ಹತ್ತು ಸಣ್ಣ ತುಂಡೇ ಬೇಕು. ಎರಡು ಸೆಂಟಿಮೀಟರ್ ಚೌಕ, ಅರ್ಧ ಸೆಂಟಿಮೀಟರ್ ದಪ್ಪ. ಅಚ್ಚು ಬೇಡ, ಶಂಕರಪೋಳಿ ಕತ್ತರಿಸುವ ಚಕ್ರವೇ ಸಾಕು.

ರಾಗಿ, ಗೆಣಸು

ರಾಗಿ ಹಿಟ್ಟು 150 ಗ್ರಾಂ, ಗೋಧಿ ಹಿಟ್ಟು 100 ಗ್ರಾಂ, ಹಬೆಯಲ್ಲಿ ಬೇಯಿಸಿ ಕಿವುಚಿದ ಸಿಹಿಗೆಣಸು 120 ಗ್ರಾಂ, ಮೊಟ್ಟೆ ಒಂದು, ಕೊಬ್ಬರಿ ಎಣ್ಣೆ ಒಂದು ಟೀ ಚಮಚ, ಬೇಕಾದಷ್ಟು ನೀರು. ಉಪ್ಪಿಲ್ಲ, ಸಕ್ಕರೆಯಿಲ್ಲ, ಬೆಲ್ಲವಿಲ್ಲ, ಸೋಡವಿಲ್ಲ. ಇದಿಷ್ಟರಿಂದ ಮೇಲೆ ಹೇಳಿದ ಅಳತೆಯ 200 ತುಂಡು ಆಗುತ್ತವೆ, ಒಂದಕ್ಕೆ ಸುಮಾರು 5 ಕ್ಯಾಲೊರಿ. 10 ಕಿಲೊ ನಾಯಿಗೆ ಬೆಳಗಿನಿಂದ ರಾತ್ರಿವರೆಗೆ 12 ತುಂಡು, 5 ಕಿಲೊದ್ದಕ್ಕೆ 7, 25 ಕಿಲೊದ್ದಕ್ಕೆ 25. ಅಷ್ಟನ್ನು ಬೆಳಿಗ್ಗೆಯೇ ಎಣಿಸಿ ಡಬ್ಬಿಗೆ ಹಾಕಿ. ಉಳಿದದ್ದು ಕಪಾಟಿನೊಳಗೆ ಇರಲಿ. ಖಾಲಿ ಡಬ್ಬಿ ನೋಡಿದವರಿಗೆ ಬೇರೆ ಮಾತು ಹೇಳಬೇಕಾಗುವುದಿಲ್ಲ.

ಗೆಣಸನ್ನು ನೀರಿನಲ್ಲಿ ಮುಳುಗಿಸಿ ಬೇಯಿಸಿದರೆ ನೀರು ಕುಡಿದು ಹಿಟ್ಟು ಅಂಟಂಟಾಗುತ್ತದೆ. ಸಿಪ್ಪೆ ಸಮೇತ ಇಡ್ಲಿ ಪಾತ್ರೆಯಲ್ಲಿ ಬೇಯಿಸಿ, ಆರಿದ ಮೇಲೆ ಸಿಪ್ಪೆ ತೆಗೆದು, ಗಂಟಿಲ್ಲದಂತೆ ಕಿವುಚಿ. ಅದಕ್ಕೆ ಮೊಟ್ಟೆ, ಎಣ್ಣೆ ಬೆರೆಸಿ, ಎರಡೂ ಹಿಟ್ಟು ಸೇರಿಸಿ ಕಲಸಿ. ನೀರನ್ನು ಚಮಚದ ಲೆಕ್ಕದಲ್ಲಿ ಹಾಕಿ. ಸಾಮಾನ್ಯವಾಗಿ ಎರಡರಿಂದ ಮೂರು ದೊಡ್ಡ ಚಮಚ ಹಿಡಿಯುತ್ತದೆ. ಹಿಟ್ಟು ಚಪಾತಿಯದಕ್ಕಿಂತ ಗಟ್ಟಿ, ಚಕ್ಕುಲಿಯದಕ್ಕಿಂತ ಮೆತ್ತಗೆ ಇರಬೇಕು. ಕಲಸಿದೊಡನೆ ಲಟ್ಟಿಸಬೇಡಿ. ರಾಗಿ ನೀರನ್ನು ನಿಧಾನಕ್ಕೆ ಎಳೆದುಕೊಳ್ಳುತ್ತದೆ, 20 ನಿಮಿಷ ಒದ್ದೆ ಬಟ್ಟೆ ಮುಚ್ಚಿಟ್ಟರೆ ಅಂಚು ಬಿರಿಯುವುದು ತಪ್ಪುತ್ತದೆ. ಪೂರ್ತಿ ರಾಗಿಯಲ್ಲೇ ಮಾಡಲು ಹೊರಟವರಿಗೆ ಒಂದು ಮಾತು: ರಾಗಿಯಲ್ಲಿ ಗೋಧಿಯ ಅಂಟು ಇಲ್ಲ, ಬೆಂದ ಮೇಲೆ ಬಿಸ್ಕತ್ತು ಪುಡಿಪುಡಿಯಾಗುತ್ತದೆ. ಗೋಧಿ ಆಗದ ನಾಯಿಯಾದರೆ ಗೋಧಿಯ ಬದಲು ಅಕ್ಕಿ ಹಿಟ್ಟು, ಒಂದರ ಬದಲು ಎರಡು ಮೊಟ್ಟೆ ಹಾಕಿ, ನೀರು ಬಿಡಿ. ಎರಡು ಬಟರ್ ಪೇಪರ್ ನಡುವೆ ಇಟ್ಟು ಲಟ್ಟಿಸಿ.

ಲಟ್ಟಿಸಿದ ಹಾಳೆಯನ್ನು ಟ್ರೇಗೆ ಹಾಕಿ, ಅಲ್ಲೇ ಗೆರೆ ಎಳೆದು ಕತ್ತರಿಸಿ, ಫೋರ್ಕಿನಿಂದ ಚುಚ್ಚಿ. ಚುಚ್ಚದಿದ್ದರೆ ಹಬೆ ಹೊರಹೋಗಲು ದಾರಿಯಿಲ್ಲದೆ ಪೂರಿಯಂತೆ ಉಬ್ಬಿ ಒಳಗೆ ಪೊಳ್ಳಾಗುತ್ತದೆ. ಮೊದಲೇ ಬಿಸಿ ಮಾಡಿದ ಓಟಿಜಿ ಓವನ್ನಿನಲ್ಲಿ 160 ಡಿಗ್ರಿಗೆ 25 ನಿಮಿಷ. ತೆಗೆದು ತುಂಡುಗಳನ್ನು ಬಿಡಿಸಿ, ಮಗುಚಿ, 120 ಡಿಗ್ರಿಗೆ ಇಳಿಸಿ ಇನ್ನೊಂದು 40 ನಿಮಿಷ. ಆರಿಸಿದ ಮೇಲೆ ಬಾಗಿಲು ತೆರೆಯದೆ ರಾತ್ರಿಯಿಡೀ ಒಳಗೇ ಬಿಡಿ. ಮನೆಯ ಸಣ್ಣ ಓಟಿಜಿಗಳಲ್ಲಿ ಸಾಮಾನ್ಯವಾಗಿ ಹಿಂದಿನ ಭಾಗ ಹೆಚ್ಚು ಕಾಯುತ್ತದೆ, ನಡುವೆ ಒಮ್ಮೆ ಟ್ರೇ ತಿರುಗಿಸಲು ಮರೆಯಬೇಡಿ.

ಸೋಡ, ಬೇಕಿಂಗ್ ಪೌಡರ್ ಯಾಕೆ ಬೇಡ ಎಂದು ಕೇಳುವವರಿದ್ದಾರೆ. ಗರಿಗರಿ ಒಣಗಬೇಕಾದ ತಿಂಡಿಗೆ ಉಬ್ಬು ಬೇಕಿಲ್ಲ. ಕೆಲವು ಬೇಕಿಂಗ್ ಪೌಡರ್‌ಗಳಲ್ಲಿ ಆ ಕ್ರೀಮ್ ಆಫ್ ಟಾರ್ಟರೇ ಇರುತ್ತದೆ. ಈಸ್ಟ್ ಹಾಕಿದ ಹಸಿ ಹಿಟ್ಟನ್ನಂತೂ ನಾಯಿಯ ಮೂತಿಗೆ ಎಟುಕುವಲ್ಲಿ ಹುದುಗಲು ಇಡಲೇಬಾರದು, ಅದು ಹೊಟ್ಟೆಯ ಬಿಸಿಯಲ್ಲಿ ಉಬ್ಬುತ್ತ ಹೋಗುವುದಲ್ಲದೆ ಮದ್ಯಸಾರವನ್ನೂ ಬಿಡುತ್ತದೆ. ಬಣ್ಣಕ್ಕೆಂದು ಕೋಕೋ ಪುಡಿ ಹಾಕುವುದು ಇನ್ನೂ ಕೆಟ್ಟದ್ದು. ಸುಮಾರು 10 ಗ್ರಾಂ ಕೋಕೋ ಪುಡಿಯೇ 10 ಕಿಲೊ ನಾಯಿಯಲ್ಲಿ ವಿಷದ ಲಕ್ಷಣ ತೋರಿಸಲು ಸಾಕಾಗಬಹುದು. ರಾಗಿಗೆ ಅದರದೇ ಚಂದದ ಕಂದು ಬಣ್ಣ ಇದೆಯಲ್ಲ.

ಒಣಗುವುದೇ ಕೆಲಸ

ಮನೆಯಲ್ಲಿ ಮಾಡಿದ ನಾಯಿ ಬಿಸ್ಕತ್ತು ಕೆಡುವುದು ರುಚಿಯಲ್ಲಿ ಅಲ್ಲ, ತೇವದಲ್ಲಿ. ಬಹಳಷ್ಟು ಪಾಕವಿಧಾನಗಳು 180 ಡಿಗ್ರಿಯಲ್ಲಿ 20 ನಿಮಿಷ ಎನ್ನುತ್ತವೆ. ಗೆಣಸಿನ ಸಿಹಿಗೆ ಹೊರಮೈ ಬೇಗ ಕೆಂಪಾಗುತ್ತದೆ, ಬೆಂದಿತು ಎಂದುಕೊಂಡು ತೆಗೆಯುತ್ತೇವೆ, ಒಳಗೆ ಇನ್ನೂ ಹಸಿ. ಡಬ್ಬಿ ಸೇರಿದ ಮೇಲೆ ಆ ಒಳಗಿನ ತೇವ ಹೊರಗೆ ಹರಡುತ್ತದೆ, ನಾಲ್ಕನೆಯ ದಿನಕ್ಕೆ ಬಿಸ್ಕತ್ತು ಬಾಗುತ್ತದೆ, ಆರನೆಯ ದಿನಕ್ಕೆ ಬಿಳಿ ಬೂಷ್ಟು. ಬೂಷ್ಟನ್ನು ಒರೆಸಿ ಕೊಡುವಂತಿಲ್ಲ. ನಾಯಿಯ ಪಿತ್ತಜನಕಾಂಗ ಬೂಷ್ಟಿನ ವಿಷಗಳಿಗೆ ತುಂಬ ಸೂಕ್ಷ್ಮ. ಹಳೆಯ, ಕಹಿ ಬಂದ ಕಡಲೆಕಾಯಿ ಬೀಜವನ್ನು "ನಾಯಿಗೆ ತಾನೆ" ಎಂದು ಹಿಟ್ಟಿಗೆ ಸೇರಿಸಬಾರದು ಎನ್ನುವುದೂ ಇದೇ ಕಾರಣಕ್ಕೆ. ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಇರಬಹುದು.

ಕಾರ್ಖಾನೆಯ ನಾಯಿ ಬಿಸ್ಕತ್ತಿನ ಮೂಲ ಕೂಡ ಒಣಗಿಸುವ ಕಸುಬಿನಲ್ಲೇ ಇದೆ. ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕದ ಮನುಷ್ಯ ಹಡಗುಕಟ್ಟೆಯಲ್ಲಿ ನಾವಿಕರು ಬಿಸಾಡಿದ ಗಟ್ಟಿ ರೊಟ್ಟಿಯನ್ನು ನಾಯಿಗಳು ತಿನ್ನುವುದನ್ನು ಕಂಡು, 1860ರ ಸುಮಾರಿಗೆ ಲಂಡನ್ನಿನಲ್ಲಿ ನಾಯಿಗಳಿಗೆಂದೇ ಬಿಸ್ಕತ್ತು ಮಾಡಿ ಮಾರಲು ತೊಡಗಿದ ಎಂದು ಹೇಳುತ್ತಾರೆ. ತಿಂಗಳುಗಟ್ಟಲೆ ಸಮುದ್ರದಲ್ಲಿ ಉಳಿಯುವ ಆ ರೊಟ್ಟಿಯ ಗುಟ್ಟು ಹಿಟ್ಟು, ನೀರು, ನಿಧಾನದ ಬಿಸಿ, ಅಷ್ಟೇ.

ಆರಿದ ಒಂದು ತುಂಡನ್ನು ಮುರಿದು ನೋಡಿ. ಟಕ್ ಎಂದು ಮುರಿಯಬೇಕು, ಮುರಿದ ಜಾಗದ ನಡುವನ್ನು ಉಗುರಿನಿಂದ ಒತ್ತಿದರೆ ಗುರುತು ಬೀಳಬಾರದು. ಬಿದ್ದರೆ ಮತ್ತೆ 100 ಡಿಗ್ರಿಗೆ ಅರ್ಧ ಗಂಟೆ. ಹೀಗೆ ಪೂರ್ತಿ ಒಣಗಿದ್ದು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಎರಡು ವಾರ ಇರುತ್ತದೆ. ಮಂಗಳೂರು, ಕಾರವಾರದ ಹವೆಯಲ್ಲಿ ಒಂದೇ ವಾರ ಎಂದುಕೊಳ್ಳಿ, ಉಳಿದದ್ದನ್ನು ಫ್ರೀಜರಿನಲ್ಲಿಡಿ. ಬೆಚ್ಚಗಿರುವಾಗ ಡಬ್ಬಿಗೆ ತುಂಬಿದರೆ ಮುಚ್ಚಳದೊಳಗೆ ಹನಿಕಟ್ಟಿ ಮಾಡಿದ್ದೆಲ್ಲ ವ್ಯರ್ಥ.

ಹಬ್ಬದ ದಿನಗಳಲ್ಲಿ ಒಲೆಗೆ ಮೊಟ್ಟೆ ತರದ ಮನೆಗಳಲ್ಲಿ ಎರಡು ಟೀ ಚಮಚ ಅಗಸೆ ಬೀಜದ ಪುಡಿಯನ್ನು ಮೂರು ದೊಡ್ಡ ಚಮಚ ನೀರಿನಲ್ಲಿ ಹತ್ತು ನಿಮಿಷ ನೆನೆಸಿ ಆ ಲೋಳೆಯನ್ನು ಬಳಸಬಹುದು. ಬಿಸ್ಕತ್ತು ತುಸು ಬಿರುಸಾಗುತ್ತದೆ, ಅಷ್ಟೇ. ಗೆಣಸಿನ ಬದಲು ಸಿಹಿಗುಂಬಳವೂ ಆಗುತ್ತದೆ. ಆದರೆ ಅದರಲ್ಲಿ ನೀರು ಜಾಸ್ತಿ, ಬೇಯಿಸಿ ಬಟ್ಟೆಯಲ್ಲಿ ಹಿಂಡಿ ಬಳಸಿ, ಬೇರೆ ನೀರು ಹಾಕಲೇಬೇಡಿ. ಮೂತ್ರಕೋಶದಲ್ಲಿ ಆಕ್ಸಲೇಟ್ ಕಲ್ಲು ಆಗಿದ್ದ ನಾಯಿಗೆ ಗೆಣಸೂ ರಾಗಿಯೂ ಬೇಡ, ಅದಕ್ಕೆ ಯಾವುದು ಸರಿ ಎಂದು ವೈದ್ಯರನ್ನೇ ಕೇಳಿ. ಓವನ್ ಇಲ್ಲದವರು ಗ್ಯಾಸ್ಕೆಟ್, ವಿಸಿಲ್ ತೆಗೆದ ಕುಕ್ಕರಿನಲ್ಲಿ ಸ್ಟ್ಯಾಂಡಿನ ಮೇಲೆ ತಟ್ಟೆ ಇಟ್ಟು ಸಣ್ಣ ಉರಿಯಲ್ಲಿ 35 ನಿಮಿಷ ಬೇಯಿಸಬಹುದು. ತಳಕ್ಕೆ ಹಾಕುವ ಉಪ್ಪು ಬಿಸ್ಕತ್ತಿಗೆ ತಗಲದಿರಲಿ, ಆಮೇಲೆ ಅದನ್ನು ನಾಯಿ ನೆಕ್ಕುವಲ್ಲಿ ಸುರಿಯಲೂ ಬೇಡಿ. ಕುಕ್ಕರಿನಲ್ಲಿ ಬೇಯುತ್ತದೆ, ಒಣಗುವುದಿಲ್ಲ. ಒಣಗಿಸಲು ಕಾವಲಿಯ ಮೇಲೆ ಹರಡಿ ತೀರಾ ಸಣ್ಣ ಉರಿಯಲ್ಲಿ ಮಗುಚುತ್ತಾ ಇರಬೇಕು. ರಾಯಚೂರು, ಕಲಬುರಗಿಯವರಿಗೆ ತೆಳು ಬಟ್ಟೆ ಮುಚ್ಚಿ ಸಂಡಿಗೆಯಂತೆ ಮಾಳಿಗೆಯ ಬಿಸಿಲಿಗಿಟ್ಟರೆ ಆಯಿತು, ಮಲೆನಾಡಿನವರು ಬಿಸಿಲನ್ನು ನಂಬುವಂತಿಲ್ಲ. ಹಲ್ಲು ಉದುರಿದ ಮುದಿ ನಾಯಿಗೆ ಗರಿಗರಿ ಬೇಡ. ಮೊದಲ 25 ನಿಮಿಷಕ್ಕೇ ತೆಗೆದ ಮೆತ್ತನೆ ತುಂಡು ಫ್ರಿಜ್ಜಿನಲ್ಲಿ ನಾಲ್ಕು ದಿನ ಇರುತ್ತದೆ.

ಪಟಾಕಿಯ ರಾತ್ರಿ

ದೀಪಾವಳಿಯ ಮೂರು ರಾತ್ರಿ ಈ ಬಿಸ್ಕತ್ತಿಗೆ ಬೇರೆಯೇ ಕೆಲಸ. ಮಂಚದ ಕೆಳಗೆ ನಡುಗುತ್ತ ಕೂತ ನಾಯಿಗೆ ತಿಂಡಿ ಕೊಟ್ಟರೆ ಹೆದರಿಕೆಗೆ ಬಹುಮಾನ ಕೊಟ್ಟಂತೆ, ಇನ್ನಷ್ಟು ಹೆದರುತ್ತದೆ ಎಂಬ ಮಾತು ಬಹಳ ಕಡೆ ಚಾಲ್ತಿಯಲ್ಲಿದೆ. ಅದು ಸರಿಯಲ್ಲ. ಹೆದರಿಕೆ ನಾಯಿ ಬೇಕೆಂದು ಮಾಡುವ ಕೆಲಸವಲ್ಲ, ಬಹುಮಾನದಿಂದ ಹೆಚ್ಚುವುದಕ್ಕೆ. ಸದ್ದಿನ ಬೆನ್ನಿಗೇ ಪ್ರತಿ ಸಲ ರುಚಿಯಾದ ಚೂರು ಬಂದರೆ, ಸದ್ದು ಎಂದರೆ ಚೂರು ಬರುವ ಹೊತ್ತು ಎಂದು ನಾಯಿಯ ಮನಸ್ಸು ಹೊಂದಿಸಿಕೊಳ್ಳುತ್ತ ಹೋಗುತ್ತದೆ. ಕ್ರಮ ಮುಖ್ಯ: ಮೊದಲು ಸದ್ದು, ಆಮೇಲೆ ಚೂರು. ತಿಂಡಿ ಮೊದಲು ಬಂದು ಸದ್ದು ಆಮೇಲೆ ಬಂದರೆ ತಿಂಡಿಯೇ ಅಪಶಕುನವಾಗುತ್ತದೆ.

ಒಂದು ಬೀದಿಯಲ್ಲಿ ಒಂದು ಸಂಜೆಗೆ ಎಷ್ಟು ಸಲ ಢಂ ಎನ್ನುತ್ತದೆ ಎಂದು ಲೆಕ್ಕ ಹಾಕಿದರೆ ಐದು ಕ್ಯಾಲೊರಿಯ ತುಂಡೂ ದೊಡ್ಡದೇ. ಆ ದಿನ 10 ಕಿಲೊ ನಾಯಿಯ ಹನ್ನೆರಡು ತುಂಡಿನಲ್ಲಿ ಹಗಲಿನ ಕೈಗಳಿಗೆ ಡಬ್ಬಿಯಲ್ಲಿ ನಾಲ್ಕೇ ಇಡಿ. ಉಳಿದ ಎಂಟನ್ನು ಒಂದೊಂದೂ ನಾಲ್ಕು ಭಾಗವಾಗುವಂತೆ ಮುರಿದಿಡಿ, ಕಡಲೆಕಾಳಿನಷ್ಟು ಬರುತ್ತದೆ. ಅಲ್ಲಿಗೆ 32 ಚೂರು. ಅದೂ ಸಾಲದು ಎನಿಸಿದರೆ ರಾತ್ರಿಯ ಊಟದಲ್ಲಿ ಒಂದಷ್ಟನ್ನು ತೆಗೆದು ಅದನ್ನೇ ಚೂರುಚೂರಾಗಿ ಕೊಡಿ. ಕತ್ತಲಾಗುವ ಮೊದಲೇ ನಾಯಿಯನ್ನು ಹೊರಗೆ ಕರೆದೊಯ್ದು ತಂದು, ಮನೆಯ ನಡುವಿನ ಕೋಣೆಯಲ್ಲಿ ಕಿಟಕಿ ಹಾಕಿ, ಫ್ಯಾನು, ಟಿವಿ ಹಚ್ಚಿ, ಬಟ್ಟಲು ಪಕ್ಕದಲ್ಲಿಟ್ಟುಕೊಂಡು ನೆಲದ ಮೇಲೆ ಕೂರಿ. ಎಂದಿನ ಆಸೆಬುರುಕ ನಾಯಿ ಚೂರನ್ನು ಮೂಸಿ ಮುಖ ತಿರುಗಿಸಿದರೆ ಹೆದರಿಕೆ ತಿಂಡಿಯ ಅಳವು ಮೀರಿದೆ ಎಂದರ್ಥ. ಒತ್ತಾಯಿಸಬೇಡಿ, ಪಕ್ಕದಲ್ಲಿ ಸುಮ್ಮನೆ ಕೂತಿರಿ, ಮುಂದಿನ ವರ್ಷಕ್ಕೆ ಹಬ್ಬಕ್ಕಿಂತ ಕೆಲವು ವಾರ ಮೊದಲೇ ವೈದ್ಯರನ್ನು ಕಂಡು ಔಷಧಿಯ ಮಾತಾಡಿ. ತಿಂದರೆ, ಮುಂದಿನ ಸದ್ದಿಗೆ ಕಾಯುತ್ತ ಇನ್ನೊಂದು ಚೂರನ್ನು ಅಂಗೈಯಲ್ಲಿ ಹಿಡಿದಿರಿ.